ಸೂರ್ಯನ ಕಲೆಗಳೂ ಬರಗಾಲದ ಲೆಕ್ಕವೂ

ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲ ಹಿರಿಯರು ಹಿಂದೆ ಮನೆಮನೆಯಲ್ಲಿಯೂ ಇದ್ದರು. ಈಗ ಅಂಥವರು ವಿರಳ. ಯುಗಾದಿಯ ದಿನ ಪಂಚಾಂಗದ ಮೊದಲ ಪುಟದಲ್ಲಿ ಸಂವತ್ಸರದ ಹೆಸರನ್ನು ಓದಿ, ಹೋಳಿಗೆಯ ಕಡೆಗೆ ಗಮನ ಹರಿಸುವವರೇ ಹೆಚ್ಚು. ಆದರೆ ಕಾಲವು ಚಕ್ರದಂತೆ ತಿರುಗುತ್ತದೆ, ಒಮ್ಮೆ ಆದುದು ಇಂತಿಷ್ಟು ವರ್ಷಗಳಿಗೆ ಮತ್ತೊಮ್ಮೆ ಆಗಲೇಬೇಕು ಎಂಬ ಭಾವನೆ ಮಾತ್ರ ಆ ಹೆಸರುಗಳೊಡನೆ ಮರೆತುಹೋಗಿಲ್ಲ. 1962ರ ಫೆಬ್ರವರಿ ಮೊದಲ ವಾರದಲ್ಲಿ ಎಂಟು ಗ್ರಹಗಳು ಮಕರ ರಾಶಿಯಲ್ಲಿ ಕೂಡಿದಾಗ ಲೋಕಕ್ಕೇ ಕೇಡೆಂದು ನಾಡಿನುದ್ದಕ್ಕೂ ಹೋಮಹವನಗಳು ನಡೆದುವು. ಗ್ರಹಗಳು ತಮ್ಮ ಪಾಡಿಗೆ ತಾವು ಚದುರಿದುವು, ಲೋಕ ಉಳಿಯಿತು. ಪಾಶ್ಚಾತ್ಯರೂ ಈ ಗೀಳಿನಿಂದ ದೂರವಿಲ್ಲ. ನಾಗರಿಕತೆಗಳಿಗೂ ಮನುಷ್ಯನಂತೆ ಬಾಲ್ಯ, ಯೌವನ, ಮುಪ್ಪು ಉಂಟೆಂದು ಜರ್ಮನಿಯ ಸ್ಪೆಂಗ್ಲರ್ 1918ರಲ್ಲಿ ದಪ್ಪ ಗ್ರಂಥವನ್ನೇ ಬರೆದು ಹೆಸರು ಮಾಡಿದ.

ಇಂಥ ನಂಬಿಕೆಗಳಲ್ಲಿ ಹೆಚ್ಚಿನವು ನಿರಪಾಯಕರ. ಈ ವಾರ ಹೇಳಹೊರಟಿರುವುದು ಅಷ್ಟು ನಿರಪಾಯಕರವಲ್ಲದ ಒಂದು ಚಕ್ರದ ಕಥೆ. ಅದನ್ನು ಕಟ್ಟಿದವರು ಜೋಯಿಸರಲ್ಲ, ವಿದ್ಯಾವಂತರಾದ ಇಂಗ್ಲಿಷ್ ಅಧಿಕಾರಿಗಳು ಹಾಗೂ ವಿಜ್ಞಾನಿಗಳು. ಅದು ಹುಟ್ಟಿದುದೋ ನಮ್ಮ ಪೂರ್ವಿಕರ ಹಸಿವಿನಲ್ಲಿ.

1876ರ ಯುಗಾದಿಯಂದು ಧಾತು ಸಂವತ್ಸರ ಮೊದಲಾಯಿತು, ಮರುವರ್ಷ ಈಶ್ವರ. ಅದಕ್ಕೆ ಹಿಂದಿನ ವರ್ಷವೇ ಮಳೆ ಸಾಲದೆ ಬಂದಿತ್ತು. ಧಾತುವಿನಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟುವು. ಮೈಸೂರು ಸಂಸ್ಥಾನ, ಮದರಾಸು ಪ್ರಾಂತ, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು, ಹೈದರಾಬಾದು, ಹೀಗೆ ದಖ್ಖನ್ನಿನ ಪೀಠಭೂಮಿಯೆಲ್ಲವೂ ಒಣಗಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ದಾಟಿತ್ತು. 1881ರಲ್ಲಿ ಎಣಿಸಿದಾಗ 42 ಲಕ್ಷವೂ ಇರಲಿಲ್ಲ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂತತಿ ಬೆಳೆಯದೆ ಹೋದುದು ಈ ಲೆಕ್ಕದಲ್ಲಿ ಸೇರಿಲ್ಲ. ಅದೇ 1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿ ಬಂದಾಗ ಅದರೊಡನೆ ಬರಗಾಲದ 80 ಲಕ್ಷ ರೂಪಾಯಿ ಸಾಲವೂ ಬಂದಿತು. ಭಾರತದಲ್ಲಿ ಒಟ್ಟು ಸತ್ತವರ ಸಂಖ್ಯೆ ಅರ್ಧ ಕೋಟಿಗೆ ಮಿಕ್ಕಿದುದೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಇಷ್ಟೊಂದು ಸಾವಿಗೆ ಕಾರಣವೇನೆಂದು ಸರಕಾರವೂ ಕೇಳಿಕೊಳ್ಳಲೇಬೇಕಾಯಿತು. ಆಗ ಭಾರತ ಸರಕಾರದ ಅಂಕಿ ಅಂಶಗಳ ಮುಖ್ಯಾಧಿಕಾರಿಯಾಗಿದ್ದವನು ವಿಲಿಯಂ ಹಂಟರ್. ಆತ ಮದರಾಸು ನಗರದಲ್ಲಿ 1813ರಿಂದ 1876ರವರೆಗೆ 64 ವರ್ಷ ಬಿದ್ದ ಮಳೆಯ ಅಳತೆಗಳನ್ನು ಮುಂದಿಟ್ಟುಕೊಂಡು, ಅವುಗಳನ್ನು ಹನ್ನೊಂದು ಹನ್ನೊಂದು ವರ್ಷಗಳ ಸಾಲುಗಳಾಗಿ ಜೋಡಿಸಿ ನೋಡಿದ. ಹನ್ನೊಂದೇ ಏಕೆ? ಸೂರ್ಯನ ಮೇಲಿನ ಕಪ್ಪು ಕಲೆಗಳು ಹೆಚ್ಚುಕಡಿಮೆ ಅಷ್ಟು ವರ್ಷಕ್ಕೊಮ್ಮೆ ಹೆಚ್ಚಾಗಿ, ಮತ್ತೆ ಕಡಿಮೆಯಾಗುತ್ತವೆ ಎಂಬುದು ಆ ಹೊತ್ತಿಗೆ ತಿಳಿದಿತ್ತು.

ಆ ಸಂಗತಿ ತಿಳಿದುಬಂದ ಬಗೆಯೂ ಸ್ವಾರಸ್ಯವಾದುದೇ. ಜರ್ಮನಿಯ ಡೆಸ್ಸಾವ್ ಪಟ್ಟಣದಲ್ಲಿ ಹೈನ್ರಿಕ್ ಶ್ವಾಬೆ ಎಂಬ ಔಷಧ ವ್ಯಾಪಾರಿಯಿದ್ದ. ಬುಧಗ್ರಹಕ್ಕಿಂತಲೂ ಒಳಗೆ ಇನ್ನೊಂದು ಗ್ರಹವಿದ್ದರೆ ಅದು ಸೂರ್ಯಬಿಂಬವನ್ನು ಹಾಯ್ದುಹೋಗುವುದನ್ನು ಕಾಣಬೇಕೆಂಬ ಆಸೆಯಿಂದ ಆತ 1826ರಿಂದ ಸೂರ್ಯನನ್ನು ದಿನದಿನವೂ ದೂರದರ್ಶಕದಲ್ಲಿ ನೋಡತೊಡಗಿದ. ಕಲೆಯನ್ನು ಗ್ರಹವೆಂದು ಭ್ರಮಿಸಬಾರದಲ್ಲ, ಅದಕ್ಕಾಗಿ ಕಲೆಗಳನ್ನೆಲ್ಲ ಎಣಿಸಿ ಬರೆದಿಟ್ಟುಕೊಂಡ. ಹದಿನೇಳು ವರ್ಷ ಕಳೆದರೂ ಗ್ರಹವೇನೂ ಸಿಗಲಿಲ್ಲ. 1843ರಲ್ಲಿ ಆತ ಪ್ರಕಟಿಸಿದುದು ಕಲೆಗಳ ಏರಿಳಿತಕ್ಕೆ ಸುಮಾರು ಹತ್ತು ವರ್ಷದ ಆವೃತ್ತಿಯಿದೆ ಎಂಬ ಸಂಗತಿಯನ್ನು. ಚಕ್ರವನ್ನು ಹುಡುಕದೆ ಇದ್ದವನಿಗೆ ನಿಜವಾದ ಚಕ್ರ ದೊರೆಯಿತು. ಮುಂದೆ ಅದನ್ನು ಹಿಡಿದು ಹೊರಟವರು ಎಲ್ಲೆಲ್ಲಿಯೂ ಚಕ್ರಗಳನ್ನೇ ಕಂಡರು.

ಹಂಟರ್ ಕಂಡುದು ಇದು: ಸೂರ್ಯನ ಕಲೆಗಳು ಕಡಿಮೆಯಾದ ವರ್ಷಗಳಲ್ಲಿ ಮದರಾಸಿನ ಮಳೆಯೂ ಕಡಿಮೆ, ದಕ್ಷಿಣದ ಕ್ಷಾಮಗಳು ಬಂದುದೂ ಆ ವರ್ಷಗಳ ಆಸುಪಾಸಿನಲ್ಲಿಯೇ. 1877ರ ಕೊನೆಯಲ್ಲಿ ಆತ ನಾರ್ಮನ್ ಲಾಕಿಯರ್ ಜತೆಗೂಡಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಇದನ್ನು ಸಾರಿದ. ಲಾಕಿಯರ್ ಸಾಮಾನ್ಯನಲ್ಲ, ಸೂರ್ಯನ ಬೆಳಕಿನಲ್ಲಿ ಹೀಲಿಯಮ್ ಎಂಬ ಹೊಸ ಮೂಲವಸ್ತುವನ್ನು ಗುರುತಿಸಿದವನು, ‘ನೇಚರ್’ ಪತ್ರಿಕೆಯ ಸ್ಥಾಪಕ ಸಂಪಾದಕ. ಪಟ್ಟಿಯನ್ನು ನೀವೇ ನೋಡಿ. ಕಲೆಗಳು ಅತಿ ಕಡಿಮೆಯಿದ್ದ ವರ್ಷಗಳು 1823, 1833, 1856, 1867, 1878. ದಕ್ಷಿಣದಲ್ಲಿ ಅಭಾವವೋ ಕ್ಷಾಮವೋ ತಲೆದೋರಿದ ವರ್ಷಗಳು 1824, 1833, 1854, 1866, 1877. ಈಗ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿ, ವಾಚಕರೇ: ನಂಬಬೇಕೆನಿಸುವುದಿಲ್ಲವೆ?

ನಂಬಿದವರಲ್ಲಿ ಬಹು ದೊಡ್ಡವರೂ ಇದ್ದರು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರಲ್ಲಿ ಅಗ್ರಗಣ್ಯನಾದ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸೂರ್ಯ ಕುಂದಿದರೆ ಭಾರತದಲ್ಲಿ ಬೆಳೆ ಕುಂದುತ್ತದೆ. ಬೆಳೆ ಕುಂದಿದರೆ ಭಾರತದ ರೈತ ಇಂಗ್ಲೆಂಡಿನ ಬಟ್ಟೆಯನ್ನು ಕೊಳ್ಳುವುದಿಲ್ಲ. ಆತ ಕೊಳ್ಳದಿದ್ದರೆ ಲಂಡನ್ನಿನಲ್ಲಿ ಬ್ಯಾಂಕುಗಳು ಮುಳುಗುತ್ತವೆ. ಇದು ಆತನ ಸರಪಳಿ. ಆದರೆ ವ್ಯಾಪಾರದ ಮುಗ್ಗಟ್ಟುಗಳು ಹತ್ತೂವರೆ ವರ್ಷಕ್ಕೊಮ್ಮೆ ಬರುವಂತೆ ತೋರುತ್ತಿದ್ದುವು. ಸೂರ್ಯನ ಚಕ್ರವೋ 11.1 ವರ್ಷದ್ದು. ಅಷ್ಟರಲ್ಲಿ ಜಾನ್ ಅಲನ್ ಬ್ರೌನ್ ಎಂಬ ವಿದ್ವಾಂಸ, ಹಿಂದೆ ತಿರುವನಂತಪುರದ ವೀಕ್ಷಣಾಲಯದ ಅಧಿಪತಿಯಾಗಿದ್ದವನು, ಕಲೆಗಳ ಚಕ್ರ 10.45 ವರ್ಷದ್ದೆಂದು ಲೆಕ್ಕ ಹಾಕಿದ. ಜೆವನ್ಸ್ ಹಿಗ್ಗಿ, 11.1ನ್ನು ಬಿಟ್ಟು 10.45ನ್ನು ಹಿಡಿದ! ನಂತರದ ಲೆಕ್ಕಗಳಲ್ಲಿ ಸೂರ್ಯ 11ಕ್ಕೇ ಮರಳಿದ. ಜೆವನ್ಸ್ ಪ್ರಾಮಾಣಿಕನಲ್ಲವೆಂದು ಯಾರೂ ಹೇಳಲಾರರು. ಆತ ಸುಳ್ಳು ಹೇಳಲಿಲ್ಲ. ತನಗೆ ಬೇಕಾದ ಅಂಕಿಯನ್ನು ತುಸು ಹೆಚ್ಚು ಪ್ರೀತಿಯಿಂದ ಬರಮಾಡಿಕೊಂಡ, ಅಷ್ಟೆ.

ಇನ್ನು ಹಂಟರನ ಪಟ್ಟಿಗೆ ಬರೋಣ. ಮೇಲೆ ಕೊಟ್ಟ ಸಾಲಿನಲ್ಲಿ ಒಂದು ವರ್ಷವನ್ನು ನಾನು ಬೇಕೆಂದೇ ಬಿಟ್ಟಿದ್ದೆ. 1843ರಲ್ಲಿಯೂ ಕಲೆಗಳು ಅತಿ ಕಡಿಮೆಯಿದ್ದುವು. ಆಗ ದಕ್ಷಿಣದಲ್ಲಿ ಹೆಸರಿಸತಕ್ಕ ಕ್ಷಾಮವೇನೂ ಬರಲಿಲ್ಲ. ಹೊಂದಿದ ಐದನ್ನು ನೋಡುವಾಗ ಹೊಂದದ ಒಂದನ್ನು ಕಣ್ಣು ತಾನಾಗಿಯೇ ದಾಟಿಬಿಡುತ್ತದೆ. ಎರಡನೆಯದಾಗಿ, 1854ಕ್ಕೂ 1856ಕ್ಕೂ ಎರಡು ವರ್ಷದ ಅಂತರವಿದೆ. ‘ಆಸುಪಾಸು’ ಎಂದು ಅದನ್ನೂ ಒಳಕ್ಕೆ ಸೇರಿಸಿಕೊಂಡೆವು. ಕನಿಷ್ಠದ ವರ್ಷ, ಅದರ ಹಿಂದಿನೆರಡು, ಮುಂದಿನೆರಡು ವರ್ಷಗಳನ್ನು ಆಸುಪಾಸೆಂದು ಒಪ್ಪಿದರೆ ಹನ್ನೊಂದರಲ್ಲಿ ಐದು ವರ್ಷ ನಮ್ಮ ಬಲೆಯಲ್ಲಿಯೇ ಇರುತ್ತವೆ. ಕಣ್ಣು ಕಟ್ಟಿಕೊಂಡು ಕಲ್ಲೆಸೆದರೂ ಹೆಚ್ಚುಕಡಿಮೆ ಅರ್ಧದಷ್ಟು ಸಾರಿ ಗುರಿ ತಾಗುವಂಥ ಗುರಿಯಿದು. ಮೂರನೆಯ ಸಂಗತಿಯಂತೂ ಹಳ್ಳಿಯ ರೈತನಿಗೂ ಹೊಳೆಯುವಂಥದು. ಮದರಾಸು ನಗರಕ್ಕೆ ಹೆಚ್ಚಿನ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಈಶಾನ್ಯದ ಮಾರುತಗಳಿಂದ. ಚಿತ್ರದುರ್ಗದ ರಾಗಿಗೂ ಧಾರವಾಡದ ಜೋಳಕ್ಕೂ ಬೇಕಾದುದು ಮುಖ್ಯವಾಗಿ ನೈರುತ್ಯದ ಮುಂಗಾರು. ಸಮುದ್ರದಂಡೆಯ ಒಂದು ಊರಿನ ಮಳೆಮಾಪಕವನ್ನು ನೋಡಿ ದಖ್ಖನ್ನಿನ ಹೊಟ್ಟೆಯ ಭವಿಷ್ಯವನ್ನು ಹೇಳುವುದೆಂತು?

ಆ ಬಲೆಯನ್ನು ಇತರ ವರ್ಷಗಳಿಗೂ ಬೀಸಿ ನೋಡಬಹುದು. ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳ ಬರವೆಂದೇ ಹೆಸರಾದ 1791–92ರ ಕ್ಷಾಮದ ಕಾಲಕ್ಕೆ ಸೂರ್ಯನ ಕಲೆಗಳು ಪರಮಾವಧಿಗೆ ಮುಟ್ಟಿ ಮೂರು ನಾಲ್ಕು ವರ್ಷಗಳಾಗಿದ್ದುವು; ಕನಿಷ್ಠವು ಇನ್ನೂ ಆರು ವರ್ಷ ದೂರವಿತ್ತು. 1896–97ರ ಕ್ಷಾಮವೂ ಕನಿಷ್ಠಕ್ಕಿಂತ ಗರಿಷ್ಠಕ್ಕೇ ಸಮೀಪ. 1918ರಲ್ಲಿ ಮುಂಗಾರು ಭೀಕರವಾಗಿ ಸೋತಾಗ ಸೂರ್ಯನ ತುಂಬ ಕಲೆಗಳು. 1987ರ ಬರ ಕನಿಷ್ಠದ ಹತ್ತಿರ, 2002ರದು ಗರಿಷ್ಠದ ಹತ್ತಿರ, 2009ರದು ಮತ್ತೆ ಕನಿಷ್ಠದ ಹತ್ತಿರ, 1972ರದು ಎರಡಕ್ಕೂ ನಡುವೆ. 1943ರ ಬಂಗಾಳದ ಕ್ಷಾಮ ಮಾತ್ರ ಅಚ್ಚುಕಟ್ಟಾಗಿ 1944ರ ಕನಿಷ್ಠದ ಪಕ್ಕದಲ್ಲಿ ಬಂದು ಕುಳಿತಿದೆ. ಚಕ್ರವಾದಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಆದರೆ ಆ ವರ್ಷ ಬಂಗಾಳದಲ್ಲಿ ಇದ್ದ ಧಾನ್ಯ 1941ರಲ್ಲಿ ಇದ್ದುದಕ್ಕಿಂತ ಹೆಚ್ಚೇ ಇತ್ತೆಂದು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ಲೆಕ್ಕ ಹಾಕಿ ತೋರಿಸಿದರು. ಯುದ್ಧಕಾಲದ ಬೆಲೆಯೇರಿಕೆಯಿಂದ ಬಡವನ ಕೈಗೆ ಅನ್ನ ಎಟುಕಲಿಲ್ಲ. ಅದರಲ್ಲಿ ಸೂರ್ಯನ ಪಾತ್ರವೇನು?

ಈ ಪ್ರಶ್ನೆಯನ್ನು 1877ಕ್ಕೂ ಕೇಳಬೇಕಾಗಿದೆ. ಮಳೆ ಬಾರದಿದ್ದುದು ನಿಜ. ಆದರೆ ಮಳೆಯಿಲ್ಲದಿರುವುದು ಬೇರೆ, ಅನ್ನವಿಲ್ಲದೆ ಸಾಯುವುದು ಬೇರೆ. ದಕ್ಷಿಣದಲ್ಲಿ ಜನ ದಿಕ್ಕಿಲ್ಲದೆ ಊರು ಬಿಡುತ್ತಿದ್ದಾಗ, 1877ರ ಜನವರಿ ಮೊದಲನೆಯ ದಿನ ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ವೈಭವದಿಂದ ನಡೆಯಿತು. ಅದೇ ತಿಂಗಳಿನಲ್ಲಿ ಸರ್ ರಿಚರ್ಡ್ ಟೆಂಪಲ್ ಬರಪೀಡಿತ ಸೀಮೆಗೆ ಬಂದು, ಪರಿಹಾರದ ಕೆಲಸಕ್ಕೆ ಬಂದವರ ಕೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಮೇಲೆ ಚಿಲ್ಲರೆ ಕಾಸಿಗೆ ಇಳಿಸಿದ. ಮಣ್ಣು ಹೊತ್ತು ದುಡಿಯುವ ಆಳಿಗೆ ಇಷ್ಟು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದ. ಕೆಲವು ತಿಂಗಳ ಮೇಲೆ ಅದನ್ನು ಹೆಚ್ಚಿಸಬೇಕಾಗಿಯೂ ಬಂದಿತು. ಈ ನಡುವೆ ಭಾರತದ ಬಂದರುಗಳಿಂದ ಧಾನ್ಯದ ಹಡಗುಗಳು ಹೊರದೇಶಗಳಿಗೆ ಹೋಗುತ್ತಲೇ ಇದ್ದುವು. ಹಂಟರ್ ತನ್ನ ಚಕ್ರವನ್ನು ಸರಕಾರದ ರಕ್ಷಣೆಗಾಗಿ ಕಟ್ಟಿದನೆಂದು ನನ್ನ ಆರೋಪವಲ್ಲ. ಮುಂಬರುವ ಬರವನ್ನು ಮೊದಲೇ ತಿಳಿಯಬೇಕೆಂಬ ಸದುದ್ದೇಶ ಆತನದು. ಆದರೂ ಒಂಬತ್ತು ಕೋಟಿ ಮೈಲು ದೂರದ ಕಲೆಗಳ ಮೇಲೆ ಹೊರಿಸಿದ ಹೊಣೆ ಹತ್ತಿರದ ಕಚೇರಿಗಳ ಹೆಗಲಿನಿಂದ ಅಷ್ಟರಮಟ್ಟಿಗೆ ಇಳಿಯುತ್ತದೆ.

ಆ ಕಚೇರಿಗಳಿಂದಲೇ ಒಬ್ಬ ಎದ್ದು ನಿಂತು ಆಕ್ಷೇಪಿಸಿದುದನ್ನೂ ಇಲ್ಲಿ ಹೇಳದಿರಲಾಗದು. ಸೇನಾ ಇಂಜಿನಿಯರ್ ರಿಚರ್ಡ್ ಸ್ಟ್ರೇಚಿ 1877ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಹಂಟರನ ಲೆಕ್ಕವನ್ನು ಬಿಚ್ಚಿಟ್ಟ. ಆತನ ವಾದ ಸರಳ. ಚಕ್ರ ನಿಜವಾದರೆ, ಚಕ್ರದ ಪ್ರಕಾರ ಒಂದು ವರ್ಷ ಬರಬೇಕಾದ ಮಳೆಗೂ ಬಂದ ಮಳೆಗೂ ಇರುವ ವ್ಯತ್ಯಾಸವು, ಎಲ್ಲ ವರ್ಷಗಳ ಸರಾಸರಿಗೂ ಬಂದ ಮಳೆಗೂ ಇರುವ ವ್ಯತ್ಯಾಸಕ್ಕಿಂತ ಬಹಳ ಕಡಿಮೆಯಿರಬೇಕು. ಮದರಾಸಿನ ಅಂಕಿಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದುವು. ಎಂದರೆ, ಚಕ್ರವನ್ನು ತಿಳಿದವನೂ ತಿಳಿಯದವನೂ ಮುಂದಿನ ವರ್ಷದ ಮಳೆಯ ವಿಷಯದಲ್ಲಿ ಸಮಾನ ಅಜ್ಞಾನಿಗಳು. ಮರುವರ್ಷ ನೇಮಕವಾದ ಕ್ಷಾಮ ಆಯೋಗಕ್ಕೆ ಇದೇ ಸ್ಟ್ರೇಚಿ ಅಧ್ಯಕ್ಷನಾದ.

ಮಳೆಯ ವಿಷಯ ಹೀಗಾದರೆ, ಮನುಷ್ಯರ ಇತಿಹಾಸವನ್ನೇ ಸೂರ್ಯನಿಗೆ ಗಂಟುಹಾಕಿದವರೂ ಉಂಟು. ರಷ್ಯದ ಕಲೂಗಾ ಪಟ್ಟಣದಲ್ಲಿ 1924ರಲ್ಲಿ ಅಲೆಕ್ಸಾಂಡರ್ ಚಿಝೆವ್‌ಸ್ಕಿ ಎಂಬ ತರುಣ ಒಂದು ಪುಸ್ತಿಕೆಯನ್ನು ಹೊರತಂದ. ಕ್ರಿಸ್ತಪೂರ್ವ 500ರಿಂದ ತನ್ನ ಕಾಲದವರೆಗಿನ ದಂಗೆ, ಯುದ್ಧ, ಕ್ರಾಂತಿಗಳನ್ನು ಜೋಡಿಸಿ, ಅವುಗಳಲ್ಲಿ ನೂರಕ್ಕೆ 60ರಷ್ಟು ಕಲೆಗಳು ಗರಿಷ್ಠವಾಗಿರುವ ಮೂರು ವರ್ಷಗಳಲ್ಲಿಯೂ, ನೂರಕ್ಕೆ 5ರಷ್ಟು ಮಾತ್ರ ಕನಿಷ್ಠದ ಮೂರು ವರ್ಷಗಳಲ್ಲಿಯೂ ನಡೆದಿವೆ ಎಂದ. 1789, 1848, 1917 ಎಲ್ಲವೂ ಗರಿಷ್ಠದ ಹತ್ತಿರದ ವರ್ಷಗಳೇ. ನಮ್ಮ 1947 ಕೂಡ ಗರಿಷ್ಠವೇ. ಪಾಪ, ಆತನಿಗೆ ಅದು ತಿಳಿದಿರಲು ಸಾಧ್ಯವಿರಲಿಲ್ಲ. ಆದರೆ ಅಮೆರಿಕದ 1776 ಕನಿಷ್ಠದಲ್ಲಿದೆ, ಚೀನದ 1911 ಕನಿಷ್ಠದ ಕಡೆಗಿದೆ, ನಮ್ಮ 1857 ಕನಿಷ್ಠಕ್ಕೆ ಸಮೀಪ, 1942ರ ‘ಕ್ವಿಟ್ ಇಂಡಿಯಾ’ವೂ ಹಾಗೆಯೇ. ಮೇಲಾಗಿ ದೂರದರ್ಶಕದಿಂದ ಕಲೆಗಳನ್ನು ನೋಡತೊಡಗಿದುದೇ 1610ರ ಸುಮಾರಿಗೆ. ಅದಕ್ಕೆ ಹಿಂದಿನ ಎರಡು ಸಾವಿರ ವರ್ಷಗಳ ಗರಿಷ್ಠ ಕನಿಷ್ಠಗಳನ್ನು ಆತ ಬಹುಮಟ್ಟಿಗೆ ಊಹೆಯಿಂದಲೇ ತುಂಬಬೇಕಾಗಿತ್ತು. ಯಾವುದು ದಂಗೆ, ಯಾವುದು ಅಲ್ಲ ಎಂದು ನಿರ್ಧರಿಸುವವನೂ ತಾನೇ. ಇಷ್ಟಾಗಿಯೂ ಆತನನ್ನು 1942ರಲ್ಲಿ ಸೆರೆಹಿಡಿದು ಎಂಟು ವರ್ಷ ಶಿಬಿರಗಳಲ್ಲಿ ಇಟ್ಟುದು ಘೋರ ಅನ್ಯಾಯ. ತಪ್ಪು ಲೆಕ್ಕಕ್ಕೆ ಸರಿ ಲೆಕ್ಕವೇ ಉತ್ತರ, ಸೆರೆಮನೆಯಲ್ಲ.

ಸರಿ ಲೆಕ್ಕ ನಮ್ಮ ದೇಶದಲ್ಲಿಯೇ ನಡೆಯಿತೆಂಬುದು ಸಂತೋಷದ ಸಂಗತಿ. 1875ರಲ್ಲಿ ಸ್ಥಾಪನೆಯಾದ ಹವಾಮಾನ ಇಲಾಖೆ 1886ರಿಂದ ಮುಂಗಾರಿನ ಮುನ್ಸೂಚನೆಯನ್ನು ಕೊಡುತ್ತಿತ್ತು. 1899ರಲ್ಲಿ ಇಲಾಖೆಯ ಮುಖ್ಯಸ್ಥ ಎಲಿಯಟ್ ಒಳ್ಳೆಯ ಮಳೆಯಾಗುವುದೆಂದು ಹೇಳಿದ. ಬಂದುದು ದೇಶವನ್ನೇ ಸುಟ್ಟ ಬರ. ಆತನ ಬಳಿಕ 1904ರಲ್ಲಿ ಆ ಪದವಿಗೆ ಬಂದವನು ಗಿಲ್ಬರ್ಟ್ ವಾಕರ್. ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲನೆಯವನು. ಎಸೆದರೆ ಮರಳಿ ಬರುವ ಬೂಮರಾಂಗಿನ ಮೇಲೆ ಅವನಿಗೆ ವಿಪರೀತ ಪ್ರೀತಿ. ಹವಾಮಾನಶಾಸ್ತ್ರವನ್ನು ಓದಿದವನೇ ಅಲ್ಲ. ಪ್ರಾಯಶಃ ಅದೇ ಒಳ್ಳೆಯದಾಯಿತು.

ವಾಕರ್ ಭಾರತೀಯ ಗುಮಾಸ್ತರ ದೊಡ್ಡ ತಂಡವನ್ನು ಕೂರಿಸಿಕೊಂಡು, ಲೋಕದ ನಾನಾ ಕಡೆಗಳ ಮಳೆ, ವಾಯುಭಾರ, ಉಷ್ಣತೆಗಳನ್ನು ಸೂರ್ಯನ ಕಲೆಗಳಿಗೂ ಪರಸ್ಪರವೂ ತಾಳೆ ನೋಡಿದ. ಯಂತ್ರಗಣಕಗಳಿಲ್ಲದ ಕಾಲ, ಎಲ್ಲವೂ ಕೈಬರಹದ ಲೆಕ್ಕ. ಆದರೆ ತಾಳೆ ನೋಡುವ ಮೊದಲು ಆತ ಒಂದು ಪ್ರಶ್ನೆಯನ್ನು ಕೇಳಿಕೊಂಡು, 1914ರಲ್ಲಿ ಅದನ್ನು ಪ್ರಬಂಧವಾಗಿಯೇ ಬರೆದ: ನಾನು ಎಷ್ಟು ಕಡೆ ಹುಡುಕಿದೆ? ಒಬ್ಬ ಮನುಷ್ಯ ನಾಣ್ಯವನ್ನು ಹತ್ತು ಸಲ ಚಿಮ್ಮಿ, ಹತ್ತು ಸಲವೂ ರಾಜನ ತಲೆಯೇ ಬಿದ್ದರೆ ನಾವು ಬೆರಗಾಗುತ್ತೇವೆ. ಅದರ ಸಂಭವ 1,024ರಲ್ಲಿ ಒಂದು. ಆದರೆ ಸಾವಿರ ಜನ ಒಂದೇ ಮೈದಾನದಲ್ಲಿ ನಿಂತು ಚಿಮ್ಮಿದರೆ ಅವರಲ್ಲಿ ಒಬ್ಬನಿಗೆ ಹಾಗಾಗುವುದು ಸಹಜವೇ. ಉಳಿದ 999 ಜನರನ್ನು ಮನೆಗೆ ಕಳುಹಿಸಿ ಆ ಒಬ್ಬನನ್ನು ಮಾತ್ರ ನಮ್ಮ ಮುಂದೆ ತಂದು ನಿಲ್ಲಿಸಿದರೆ, ಆತ ಮಹಾತ್ಮನಂತೆ ಕಾಣುತ್ತಾನೆ. ನೂರು ತಾಳೆಗಳಲ್ಲಿ ಅತ್ಯುತ್ತಮವಾದ ಒಂದನ್ನು ಆರಿಸಿ ತೋರಿಸುವವನು ಮಾಡುವುದೂ ಅಷ್ಟೆ. ಎಷ್ಟು ಹುಡುಕಿದೆನೆಂಬುದಕ್ಕೆ ತಕ್ಕಂತೆ ಪುರಾವೆಯನ್ನು ಬಿಗಿಗೊಳಿಸಬೇಕೆಂದು ವಾಕರ್ ಸೂತ್ರವನ್ನೇ ಕೊಟ್ಟ. ಆ ಸೂತ್ರದಲ್ಲಿ ತೂಗಿದಾಗ, ಭಾರತದ ಮಳೆಗೂ ಸೂರ್ಯನ ಕಲೆಗಳಿಗೂ ಮುನ್ಸೂಚನೆಗೆ ನಂಬತಕ್ಕಷ್ಟು ಸಂಬಂಧವೇ ಕಾಣಲಿಲ್ಲ. ಕಲೆಗಳ ಏರಿಳಿತದೊಡನೆ ಸೂರ್ಯನ ಒಟ್ಟು ಪ್ರಕಾಶ ಬದಲಾಗುವುದು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಎಂದು ಈಚಿನ ಉಪಗ್ರಹಗಳು ಅಳೆದಿವೆ.

ಆದರೆ ಅಷ್ಟೆಲ್ಲ ಜರಡಿ ಹಿಡಿದ ಮೇಲೆ ಜರಡಿಯಲ್ಲಿ ಒಂದು ಕಾಳು ಉಳಿಯಿತು. ಪೆಸಿಫಿಕ್ ಸಾಗರದ ಪೂರ್ವದಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆಗೆ ಇಳಿಯುತ್ತದೆ, ಇಲ್ಲಿ ಏರಿದಾಗ ಅಲ್ಲಿ ಇಳಿಯುತ್ತದೆ. ಭಾರತದ ಮುಂಗಾರಿಗೂ ಈ ಏರಿಳಿತಕ್ಕೂ ನಂಟುಂಟು. ಇದಕ್ಕೆ ವಾಕರ್ 1920ರ ದಶಕದಲ್ಲಿ ‘ದಕ್ಷಿಣದ ತೂಗಾಟ’ವೆಂದು ಹೆಸರಿಟ್ಟ. ಪೆರು ದೇಶದ ಬೆಸ್ತರಿಗೆ ಹಿಂದಿನಿಂದಲೂ ಪರಿಚಿತವಾದ ಎಲ್ ನಿನ್ಯೋ ಎಂಬ ಬೆಚ್ಚನೆಯ ಕಡಲನೀರು ಇದೇ ತೂಗಾಟದ ಇನ್ನೊಂದು ಮುಖವೆಂದು 1969ರಲ್ಲಿ ಬ್ಯರ್ಕ್‌ನೆಸ್ ಎಂಬ ವಿದ್ವಾಂಸ ವಿವರಿಸಿದ. 1877ರ ಬರದ ಹಿಂದೆ ಇದ್ದುದು ದಾಖಲೆಗೆ ತಿಳಿದ ಅತಿ ಪ್ರಬಲ ಎಲ್ ನಿನ್ಯೋಗಳಲ್ಲಿ ಒಂದು. ಆದರೆ ಅದು ಗಡಿಯಾರದಂತೆ ನಡೆಯುವುದಿಲ್ಲ. ಒಮ್ಮೆ ಎರಡು ವರ್ಷಕ್ಕೆ ಬರುತ್ತದೆ, ಒಮ್ಮೆ ಏಳು ವರ್ಷಕ್ಕೆ. ಬಂದಾಗಲೆಲ್ಲ ಬರವನ್ನೂ ತರುವುದಿಲ್ಲ. ಚಕ್ರವನ್ನು ಹುಡುಕಹೊರಟವರಿಗೆ ದೊರೆತುದು ಚಕ್ರವಲ್ಲ, ತೊಟ್ಟಿಲಿನಂತೆ ಮನಬಂದಂತೆ ತೂಗುವ ಒಂದು ಕಡಲು.

ಇಲ್ಲಿ ಸಂವತ್ಸರಪ್ರಿಯರಿಗೆ ಒಂದು ಕಾಣಿಕೆ. 1876–77ರ ಧಾತು ಅರವತ್ತು ವರ್ಷಕ್ಕೆ ಮರಳಿ 1936–37ರಲ್ಲಿ ಬಂದಿತು. ಆಗ ಅಂಥ ಕ್ಷಾಮವೇನೂ ಆಗಲಿಲ್ಲ. ಮತ್ತೆ 1996–97ರಲ್ಲಿ ಧಾತು, ಅದರ ಬೆನ್ನಿಗೆ ಈಶ್ವರ. ಆ ಈಶ್ವರದಲ್ಲಿಯೇ 20ನೆಯ ಶತಮಾನದ ಅತಿ ಪ್ರಬಲ ಎಲ್ ನಿನ್ಯೋಗಳಲ್ಲಿ ಒಂದು ತಲೆಯೆತ್ತಿತು, ಸರಿಯಾಗಿ 120 ವರ್ಷಗಳ ಬಳಿಕ! ನಾಡಿನ ಹವಾಮಾನ ತಜ್ಞರೂ ಉಸಿರು ಬಿಗಿಹಿಡಿದು ಮುಂಗಾರನ್ನು ಕಾದರು. 1997ರ ಮುಂಗಾರು ಸರಾಸರಿಗಿಂತ ನೂರಕ್ಕೆ ಎರಡರಷ್ಟು ಹೆಚ್ಚಾಗಿಯೇ ಸುರಿಯಿತು.

ವಿಜ್ಞಾನಿಗಳೂ ಇದರಿಂದ ಪೂರ್ತಿ ಪಾಠ ಕಲಿತರೆನ್ನುವಂತಿಲ್ಲ. ವಾಕರ್ ಆರಿಸಿದ ಸೂಚಕಗಳಲ್ಲಿ ಹಲವು ಮುಂದೆ ಬಲಗುಂದಿದುವು. 1988ರಿಂದ ನಮ್ಮ ಹವಾಮಾನ ಇಲಾಖೆ ಹದಿನಾರು ಸೂಚಕಗಳನ್ನು ಕೂಡಿಸಿದ ಹೊಸ ವಿಧಾನವನ್ನು ಬಳಸಿತು. ವರ್ಷವರ್ಷವೂ ಅದು ಗೆದ್ದಂತೆ ತೋರಿತು. 2002ರಲ್ಲಿ ಅದು ಸರಾಸರಿಯ ನೂರಕ್ಕೆ 101ರಷ್ಟು ಮಳೆಯೆಂದಿತು, ಬಿದ್ದುದು 81. ಮರುವರ್ಷ ವಿಧಾನವನ್ನೇ ಬದಲಿಸಿದರು.

ಹಂಟರ್, ಲಾಕಿಯರರ ಚಕ್ರದಿಂದ ಒಂದು ಉಪಕಾರವಂತೂ ಆಯಿತು. ಸೂರ್ಯನನ್ನು ಬಿಡದೆ ನೋಡಿದರೆ ಮುಂಗಾರಿನ ಗುಟ್ಟು ತಿಳಿದೀತೆಂಬ ಆಸೆಯೂ ಸೇರಿ, 1899ರಲ್ಲಿ ಕೊಡೈಕನಾಲಿನ ಬೆಟ್ಟದ ಮೇಲೆ ಸೂರ್ಯವೀಕ್ಷಣಾಲಯವೊಂದು ತಲೆಯೆತ್ತಿತು. ಈಗ ಅದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದೆ. 1904ರಿಂದ ಅಲ್ಲಿ ಮೋಡವಿಲ್ಲದ ದಿನಗಳಲ್ಲಿ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದಿದ್ದಾರೆ. ಅಷ್ಟು ದೀರ್ಘವಾದ ಚಿತ್ರಮಾಲೆ ಲೋಕದಲ್ಲಿ ಕೆಲವೇ ಕಡೆಗಳಲ್ಲಿದೆ. 1909ರಲ್ಲಿ ಜಾನ್ ಎವರ್‌ಶೆಡ್ ಅಲ್ಲಿಂದಲೇ ಕಲೆಗಳ ಅಂಚಿನಲ್ಲಿ ಅನಿಲಗಳು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದ. ಅದಕ್ಕೆ ಇಂದಿಗೂ ಆತನ ಹೆಸರೇ ಇದೆ. ಸೂರ್ಯನ ವಿಷಯವಾಗಿ ಆ ಬೆಟ್ಟ ಬಹಳ ಹೇಳಿತು. ಮುಂಗಾರಿನ ವಿಷಯವಾಗಿ ಏನನ್ನೂ ಹೇಳಲಿಲ್ಲ.